ಕುಬಟೂರಿನ ವೋಲ್ಟೇಜು

ಶಿಕಾರಿಪುರದ ಕಂಪ್ಯೂಟರ್ ಸೆಂಟರಿನ ರಜನಿ ಮೇಡಂ ಎಂಥ ಹಠಮಾರಿ ಎಂಬುದು ಆ ಬೀದಿಯ ಹೂವಿನಂಗಡಿಯವರಿಗೂ ಗೊತ್ತಿತ್ತು. ಕೀಬೋರ್ಡಿನಲ್ಲಿ ಒಂದು ಅಕ್ಷರ ಕೈಕೊಟ್ಟರೆ ಹೊಸದು ತರಿಸಿ ಎನ್ನುವ ಹೆಂಗಸಲ್ಲ ಅವಳು. ಇಡೀ ಕೀಬೋರ್ಡು ಬಿಚ್ಚಿ, ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು, ಡಬ್ಬಿಯ ಊಟ ತಣ್ಣಗಾದರೂ ಏಳದೆ ಕೂರುವವಳು. ಇಪ್ಪತ್ತೆಂಟು ದಾಟಿತು, ಇನ್ನೂ ಮದುವೆ ಇಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ತಾನೇ ಎದುರು ಪ್ರಶ್ನೆ ಹಾಕಿ ಓಡಿಸಿದಳು ಎಂದು ಊರ ಕಡೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅಂಥ ಬಾಯಿಗೆ ಯಾರು ಬೀಗ ಹಾಕುತ್ತಾರೆ! ಕೈಗೆತ್ತಿಕೊಂಡ ಕೆಲಸವನ್ನು ಅವಳು ಅರ್ಧಕ್ಕೆ ಬಿಟ್ಟದ್ದನ್ನು ಯಾರೂ ಕಂಡವರಿಲ್ಲ. ಅಂಥವಳು ಪೂರ್ತಿಯಾಗಿ ಸೋತು ಕೂತ ಒಂದು ಬೇಸಿಗೆಯ ಕತೆ ಇದು. ತೊಂಬತ್ತೊಂಬತ್ತನೇ ಇಸವಿ.

ಅವಳ ಊರು ಸೊರಬ ತಾಲೂಕಿನ ಕುಬಟೂರು. ಅಪ್ಪ ಸಣ್ಣಪ್ಪ ಕರೆಂಟಿನ ಲೈನ್‌ಮನ್. ಗಾಳಿಮಳೆಗೆ ತಂತಿ ಹರಿದರೆ ಊರವರು ಆಫೀಸಿಗೆ ಹೋಗುತ್ತಿರಲಿಲ್ಲ, ನೆಟ್ಟಗೆ ಸಣ್ಣಪ್ಪನ ಜಗಲಿಗೆ ಬರುತ್ತಿದ್ದರು. ಆತ ಬಾಯಲ್ಲಿದ್ದ ಎಲೆಅಡಿಕೆಯನ್ನೂ ಉಗಿಯದೆ ಸೈಕಲ್ ಹತ್ತುವ ಪೈಕಿ. ಮಾತಂತೂ ಕೇಳಲೇಬೇಡಿ. ಆನವಟ್ಟಿಗೆ ಹೊರಟರೆ ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಹತ್ತಿರವೂ ನಿಂತು, ಅವರ ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಅಳಿಯ ಮುನಿಸಿಕೊಂಡದ್ದರವರೆಗೆ ವಿಚಾರಿಸಿಯೇ ಮುಂದೆ ಹೋಗಬೇಕು. "ಈ ಮನುಷ್ಯ ಕಂಬ ಹತ್ತಿದ್ರೆ ಕಂಬದ ಹತ್ರನೂ ಮಾತಾಡ್ತಾರೆ" ಎಂದು ಹೆಂಡತಿ ಹುಲಿಯಮ್ಮ ನಗುತ್ತಿದ್ದಳು. ಮಗಳನ್ನು ಶಿಕಾರಿಪುರದ ಕಾಲೇಜಿಗೆ ಹಾಕಿದ್ದೂ ಆತನೇ, ಶಿವಮೊಗ್ಗಕ್ಕೆ ಕಳಿಸಿ ಕಂಪ್ಯೂಟರ್ ಕಲಿಸಿದ್ದೂ ಆತನೇ. ಹೆಣ್ಣುಮಗಳಿಗೆ ಯಾಕೆ ಬೇಕಪ್ಪ ಅದೆಲ್ಲ ಎಂದವರಿಗೆ, "ಅದೂ ಕರೆಂಟಿಂದೇ ಕೆಲಸ ಮಾರಾಯ, ನಮ್ಮ ಮನೆ ಕಸುಬು" ಎಂದು ಬಾಯಿ ಮುಚ್ಚಿಸಿದ್ದ.

ಒಂದು ದಿನ ಕಂಬದ ಮೇಲಿದ್ದಾಗ ಸಣ್ಣಪ್ಪನ ಕೈಯಿಂದ ಕಟಿಂಗ್ ಪ್ಲೇಯರ್ ಜಾರಿ ಕೆಳಗೆ ಬಿತ್ತು. ಬೆವರಿಗೆ ಜಾರಿತು ಎಂದುಕೊಂಡ. ಆಮೇಲೆ ತುತ್ತು ಜಾರಿತು. ಆಮೇಲೆ ಕಾಲು ಎತ್ತಿಡಲು ಬರದೆ ಹೊಸ್ತಿಲಲ್ಲಿ ಮುಗ್ಗರಿಸಿದ. ಶಿವಮೊಗ್ಗ ಆಯಿತು, ಮಣಿಪಾಲ ಆಯಿತು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಇದಕ್ಕೆ ಮದ್ದಿಲ್ಲ, ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗೇ ಇರುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದರು. ಬುದ್ಧಿ ಚುರುಕಾಗಿರುತ್ತದೆ ಎಂಬುದನ್ನು ಆ ಪುಣ್ಯಾತ್ಮ ಸಮಾಧಾನಕ್ಕೆ ಹೇಳಿದರೋ ಏನೋ. ಅದಕ್ಕಿಂತ ಕ್ರೂರವಾದ ಮಾತನ್ನು ರಜನಿ ಅದುವರೆಗೆ ಕೇಳಿರಲಿಲ್ಲ.

ಎರಡು ವರ್ಷದಲ್ಲಿ ಕೈ ಹೋಯಿತು, ಕಾಲು ಹೋಯಿತು, ಕೊನೆಗೆ ನಾಲಿಗೆಯೂ ಬಿದ್ದುಹೋಯಿತು. ಊರಿಗೆಲ್ಲ ಮಾತು ಹಂಚಿದ ಮನುಷ್ಯ ನಡುಮನೆಯ ಮಂಚದ ಮೇಲೆ ಒರಗಿಕೊಂಡು ಬಾಗಿಲು ನೋಡುತ್ತ ಮಲಗಿದ. ಬಲಗೈ ಹೆಬ್ಬೆರಳು ಒಂದು ಮಾತ್ರ ಇನ್ನೂ ಅವನ ಮಾತು ಕೇಳುತ್ತಿತ್ತು.

ಆ ಬೇಸಿಗೆಯ ಹೊತ್ತಿಗೆ ಗಂಜಿಯೂ ಗಂಟಲಿಳಿಯದಂತಾಯಿತು. ಒಂದೊಂದು ಚಮಚಕ್ಕೂ ಕೆಮ್ಮು, ಉಸಿರು ಕಟ್ಟುವುದು, ಕಣ್ಣು ಮೇಲೆ ಮಾಡುವುದು. ಅಲ್ಲಿಂದ ಮನೆಯಲ್ಲಿ ಜಗಳ ಹತ್ತಿಕೊಂಡಿತು. ರಜನಿಯ ಅಣ್ಣ ಮಾಲತೇಶ ಸೊರಬದ ತಾಲೂಕು ಆಫೀಸಿನಲ್ಲಿ ಗುಮಾಸ್ತ. ಶಿವಮೊಗ್ಗಕ್ಕೆ ಸೇರಿಸಿ ಮೂಗಿನಿಂದ ನಳಿಗೆ ಹಾಕಿಸೋಣ, ಇನ್ನೊಂದಷ್ಟು ದಿನ ಬದುಕುತ್ತಾರೆ ಎಂದು ಅವನ ವಾದ.

"ಅಮ್ಮಾ, ಕಣ್ಣೆದುರೇ ಉಪವಾಸ ಹಾಕಿ ಸಾಯಿಸ್ತಿಯಾ ಅಪ್ಪನ್ನ?"

"ಮೂಗಿಗೆ ಪೈಪ್ ಹಾಕ್ಸಿ, ಗುರುತು ಪರಿಚಯ ಇಲ್ದಿರೋ ಜಾಗದಾಗೆ ಮಲಗ್ಸಿದ್ರೆ ಬದುಕಿದಂಗಾ ಅದು? ನನ್ನ ಕೈಯಾಗೆ ಎಷ್ಟು ಇಳೀತದೋ ಅಷ್ಟು ಕುಡಿಸ್ತೀನಿ. ಅವರನ್ನ ಈ ಮನೆಯಿಂದ ಎಬ್ಬಿಸಬೇಡ ಮಗಾ" ಎಂದು ಹುಲಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಪ್ಪನನ್ನೇ ಕೇಳಿ ಎಂದಳು ರಜನಿ. ಕೇಳಿದರು. ಆಸ್ಪತ್ರೆಗೆ ಹೋಗೋಣ್ವಾ, ಹೌದು ಅಂತಿದ್ರೆ ಕಣ್ಣು ಮುಚ್ಚಪ್ಪ ಎಂದು ಮಾಲತೇಶ ಕೇಳಿದಾಗ ಸಣ್ಣಪ್ಪ ಕಣ್ಣು ಮುಚ್ಚಿದ. ಇಲ್ಲೇ ಇರ್ತೀರಲ್ವಾ ಎಂದು ಹುಲಿಯಮ್ಮ ಕೇಳಿದಾಗಲೂ ಮುಚ್ಚಿದ. ರೆಪ್ಪೆಗಳ ಬಲವೂ ಕುಗ್ಗುತ್ತಿತ್ತು, ಅವು ತಮಗೆ ತಾವೇ ಇಳಿಯುತ್ತಿದ್ದವು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ನೋಡಿದೆಯಾ ಎಂದು ತಾಯಿ ಮಗನಿಗೂ, ನೋಡಿದೆಯಾ ಎಂದು ಮಗ ತಾಯಿಗೂ ಹೇಳಿ ಇನ್ನಷ್ಟು ಜೋರಾಗಿ ಕಿತ್ತಾಡಿದರು. ಅಪ್ಪನೇ ತನ್ನ ಮಾತಲ್ಲಿ ಹೇಳುವಂತೆ ಮಾಡುತ್ತೇನೆ, ಅಲ್ಲಿಯವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡಿರಿ ಎಂದು ರೇಗಿ ರಜನಿ ಶಿಕಾರಿಪುರದ ಬಸ್ಸು ಹತ್ತಿದಳು.

ಸೆಂಟರಿನ ಯಜಮಾನ ಚನ್ನೇಶ್ ಬೆಂಗಳೂರಿನ ಯಾವುದೋ ಹರಾಜಿನಲ್ಲಿ ಕೊಂಡು ತಂದಿದ್ದ ಹಳೆಯ ಲ್ಯಾಪ್‌ಟಾಪ್ ಒಂದು ಬೀರುವಿನಲ್ಲಿ ಬಿದ್ದಿತ್ತು. ಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರಿಗೆ ತೋರಿಸಿ ಬೆರಗುಗೊಳಿಸಲು ತಂದದ್ದು. ವಿಂಡೋಸ್ ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಿಟ್ಟಿಯಾಗಿ ಬಂದ ಸಿ.ಡಿ.ಯಿಂದ ರಜನಿಯೇ ಅದಕ್ಕೆ ವಿಂಡೋಸಿಗಿಂತ ಹಗುರವಾದ ಲಿನಕ್ಸ್ ಹಾಕಿ ಓಡಿಸಿದ್ದಳು. ಕೇಳಿದ ಕೂಡಲೇ ಚನ್ನೇಶ್ ಕೊಟ್ಟುಬಿಟ್ಟ.

"ತಗಂಡೋಗ್ರಿ ಮೇಡಂ, ಇಲ್ಲಿ ಇಲಿ ಕಡಿಯಾದ್ರ ಬದ್ಲು ಅಲ್ಲಿ ನಿಮ್ಮ ತಂದಿಯೋರಿಗಾದ್ರೂ ಉಪಯೋಗಕ್ಕೆ ಬರ್ಲಿ. ಬ್ಯಾಟ್ರಿ ಮಾತ್ರ ನಂಬಬ್ಯಾಡ್ರಿ, ಭಾಳ ಹೊತ್ತು ನಿಲ್ಲಂಗಿಲ್ಲ."

ಕನ್ನಡದ ಅಕ್ಷರ ಆ ಯಂತ್ರಕ್ಕೆ ಗೊತ್ತಿರಲಿಲ್ಲ. ಚುಕ್ಕಿ ಚುಕ್ಕಿ ಇಟ್ಟು ರಂಗೋಲಿ ಹಾಕಿದ ಹಾಗೆ ಒಂದೊಂದೇ ಅಕ್ಷರವನ್ನು ಬಿಡಿಸಿ, ಸಾಲು ಸಾಲಾಗಿ ಪರದೆಯ ತುಂಬ ದಪ್ಪಗೆ ಕಾಣುವಂತೆ ಜೋಡಿಸಿದಳು. ಒಂದು ಹಳದಿ ಚೌಕ ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯುತ್ತದೆ. ಬೇಕಾದ ಸಾಲು ಬಂದಾಗ ಗುಂಡಿ ಒತ್ತಬೇಕು. ಆಗ ಅದು ಆ ಸಾಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಹೋಗುತ್ತದೆ, ಬೇಕಾದ್ದು ಬಂದಾಗ ಇನ್ನೊಮ್ಮೆ ಒತ್ತಬೇಕು. ಮೌಸ್ ಒಂದನ್ನು ಬಿಚ್ಚಿ, ಅದರ ತಂತಿಗೆ ಮನೆಬಾಗಿಲಿನ ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಬೆಸುಗೆ ಹಾಕಿ, ಅಪ್ಪನ ಹೆಬ್ಬೆರಳ ಅಡಿ ಇಡುವಂತೆ ಬಟ್ಟೆ ಸುತ್ತಿದಳು. ಒಂದು ಮಾತು ಹೇಳಿ ಮುಗಿಸಲು ಗಂಟೆ ಹಿಡಿದರೂ ಹಿಡಿಯಲಿ, ಅದು ಅಪ್ಪನದೇ ಮಾತಾಗಿರುತ್ತದಲ್ಲ ಎಂದು ಅವಳಿಗೆ ಹಿಗ್ಗೋ ಹಿಗ್ಗು.

ಕುಬಟೂರಿನ ಕರೆಂಟಿನ ಪಾಡು ಲೈನ್‌ಮನ್ ಮಗಳಿಗೆ ಗೊತ್ತಿಲ್ಲದ್ದೇ? ಅದಕ್ಕಾಗಿ ಯಂತ್ರದೊಳಗೆ ಒಂದು ಸ್ಕ್ರಿಪ್ಟನ್ನೂ ಬರೆದಳು. ಸ್ಕ್ರಿಪ್ಟ್ ಎಂದರೆ ಹೀಗಾದರೆ ಹೀಗೆ ಮಾಡು ಎಂದು ಯಂತ್ರಕ್ಕೆ ಮೊದಲೇ ಕೊಟ್ಟಿಡುವ ಅಪ್ಪಣೆಗಳ ಸಾಲು. ಕರೆಂಟು ಹೋದರೆ ಪರದೆಯ ಬೆಳಕು ತಗ್ಗಿಸು, ಒಳಗೆ ತಿರುಗುವ ಡಿಸ್ಕನ್ನು ನಿಲ್ಲಿಸು, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮಲಗು, ಕರೆಂಟು ಬಂದರೆ ಏಳು. ಮುದಿ ಬ್ಯಾಟರಿಯ ಜೀವವನ್ನು ಹನಿ ಹನಿಯಾಗಿ ಉಳಿಸುವ ಉಪಾಯ. ಸೆಂಟರಿನಲ್ಲಿ ಪ್ಲಗ್ ಕಿತ್ತು, ಮತ್ತೆ ಹಾಕಿ ಪರೀಕ್ಷೆ ಮಾಡಿದರೆ ಗಡಿಯಾರ ಇದ್ದ ಹಾಗೆ ಸರಿಯಾಗಿ ನಡೆಯಿತು. ಶನಿವಾರ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೊರಟಳು. "ಏನಕ್ಕಾ ಅದು, ಹಾರ್ಮೋನಿಯಮ್ಮಾ?" ಎಂದು ಕಂಡಕ್ಟರ್ ಕೇಳಿದ್ದಕ್ಕೆ, ಹೌದು, ನಮ್ಮಪ್ಪ ನಾಳೆ ಹಾಡ್ತಾರೆ ಎಂದು ನಕ್ಕಳು.

ಭಾನುವಾರ ಬೆಳಿಗ್ಗೆ ಎಲ್ಲರೂ ಮಂಚದ ಸುತ್ತ ಕೂತರು. ಅಪ್ಪ, ನಿಂಗೆ ಎಂತ ಬೇಕು ಹೇಳು, ಆಸ್ಪತ್ರೆಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ ಎಂದು ರಜನಿ ಕೇಳಿದಳು. ಸಣ್ಣಪ್ಪನ ಕಣ್ಣುಗಳು ಚೌಕದ ಹಿಂದೆಯೇ ಇಳಿದವು. ಹೆಬ್ಬೆರಳು ಅಲುಗಿತು. 'ಆ' ಮೂಡಿತು. ಹುಲಿಯಮ್ಮ ಬಾಯಿಗೆ ಕೈ ಹಚ್ಚಿಕೊಂಡು ಬಿಕ್ಕಿದಳು. ತಿಂಗಳುಗಟ್ಟಲೆ ಆದ ಮೇಲೆ ಗಂಡನಿಂದ ಬಂದ ಮೊದಲ ಸದ್ದು ಅದು, ಸದ್ದೇ ಇಲ್ಲದ್ದು. ಎರಡನೇ ಅಕ್ಷರಕ್ಕೆ ಚೌಕ ಇಳಿಯುತ್ತಿದ್ದ ಹಾಗೆಯೇ ಪರದೆ ಕಪ್ಪಾಯಿತು. ಯಂತ್ರ ಮಲಗಿತ್ತು.

ಎಬ್ಬಿಸಿದರೆ ಅದು ಸುಖವಾಗಿ ಏಳುತ್ತಿರಲಿಲ್ಲ, ಸೆಟೆದುಕೊಂಡು ಬಿಡುತ್ತಿತ್ತು. ಆರಿಸಿ, ಮತ್ತೆ ಹೊತ್ತಿಸಿ, ಅಕ್ಷರಗಳು ಬರುವ ಹೊತ್ತಿಗೆ ಸಣ್ಣಪ್ಪನಿಗೆ ಸುಸ್ತಾಗಿ ಹೆಬ್ಬೆರಳು ಸೋಲುತ್ತಿತ್ತು. ಆ ದಿನ ಮೂರು ಸಲ ಪ್ರಯತ್ನಿಸಿದರು. ಮೂರು ಸಲವೂ ಅದೇ ಗೋಳು.

ಅದರ ಕಾರಣವನ್ನು ರಜನಿ ಮಾರನೇ ದಿನವೇ ಕಂಡುಹಿಡಿದಳು. ಯಾರಾದರೂ ಮುಟ್ಟುತ್ತಿದ್ದಾರೋ ಇಲ್ಲವೋ ಎಂದು ಸ್ಕ್ರಿಪ್ಟು ನೋಡುತ್ತಿದ್ದದ್ದು ಕೀಬೋರ್ಡನ್ನು ಮಾತ್ರ. ಅಪ್ಪ ಒತ್ತುತ್ತಿದ್ದದ್ದು ಬೆಲ್ಲಿನ ಗುಂಡಿ. ಕಣ್ಣುಬಾಯಿ ಬಿಟ್ಟುಕೊಂಡು ಒಬ್ಬ ಮನುಷ್ಯ ಎದುರಿಗೆ ಕೂತಿದ್ದರೂ ಯಂತ್ರದ ಲೆಕ್ಕದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡು ಅದನ್ನು ತಿದ್ದಿದಳು. ಒಂದೊಂದು ಅಕ್ಷರವನ್ನೂ ಆಗಿಂದಾಗ್ಗೆ ಉಳಿಸಿಕೊಳ್ಳುವಂತೆಯೂ ಮಾಡಿದಳು. ಮುಂದಿನ ಭಾನುವಾರ ಮತ್ತೆ ಕುಬಟೂರು.

ಆ ವಾರ ಒಂದು ಇಡೀ ಪದ ಮೂಡಿತು: ಆಸ್ಪತ್ರೆಗೆ. ಅಷ್ಟಕ್ಕೇ ಪರದೆ ಮಂಕಾಯಿತು, ಬೆಳಗಿತು, ಮಂಕಾಯಿತು, ಮಲಗಿತು.

"ನೋಡು, ಆಸ್ಪತ್ರೆಗೆ ಅಂದ್ರು! ಕರ್ಕಂಡು ಹೋಗಿ ಅಂತ!" ಎಂದು ಮಾಲತೇಶ ಎದ್ದು ನಿಂತ.

"ಆಸ್ಪತ್ರೆಗೆ ಒಲ್ಲೆ ಅನ್ನಾಕ್ ಹೊರಟಿದ್ರು. ನನ್ನ ಗಂಡನ್ನ ನಾ ಕಾಣೆನಾ?" ಎಂದಳು ಹುಲಿಯಮ್ಮ.

ಅರ್ಧ ಮಾತು ಇಡೀ ಮೌನಕ್ಕಿಂತ ಕೆಟ್ಟದ್ದು ಎಂಬುದು ರಜನಿಗೆ ಆಗ ಅರ್ಥವಾಯಿತು. ಮುಂದಿನ ಭಾನುವಾರದವರೆಗೂ ಅಣ್ಣ ಮತ್ತು ಅಮ್ಮ ಆ ಒಂದು ಪದವನ್ನು ಆ ಕಡೆಯಿಂದ ಈ ಕಡೆಯಿಂದ ಎಳೆದಾಡಿದರು.

ಬ್ಯಾಟರಿ ಸಾಲುತ್ತಿಲ್ಲ, ಅದಕ್ಕೇ ಮಲಗುತ್ತಿದೆ ಎಂದು ರಜನಿಯ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಉಳಿತಾಯವನ್ನು ಇನ್ನೂ ಬಿಗಿ ಮಾಡಿದಳು. ಬೆಳಕು ಇನ್ನೂ ತಗ್ಗಲಿ, ಡಿಸ್ಕು ಇನ್ನೂ ಬೇಗ ನಿಲ್ಲಲಿ, ಸಣ್ಣದಕ್ಕೂ ನಿದ್ದೆ ಹೋಗಲಿ. ಸೆಂಟರಿನಲ್ಲಿ ಕೂತು ಬಿಗಿ ಮಾಡುವುದು, ಕುಬಟೂರಿಗೆ ಹೋಗಿ ನೋಡಿದರೆ ಮೊದಲಿಗಿಂತ ಬೇಗ ಮಲಗುವುದು, ಮತ್ತೆ ಬಂದು ಇನ್ನಷ್ಟು ಬಿಗಿ ಮಾಡುವುದು. ಸೆಂಟರಿನಲ್ಲಿ ಚನ್ನೇಶ್ ಇಟ್ಟಿದ್ದ ಯು.ಪಿ.ಎಸ್. ಇತ್ತು, ಅಲ್ಲಿನ ಕರೆಂಟು ಕೆನೆಹಾಲಿನ ಹಾಗೆ ಸಮನಾಗಿ ಹರಿಯುತ್ತಿತ್ತು. ಅಲ್ಲಿ ಯಾವ ತಪ್ಪೂ ಕಾಣಿಸುತ್ತಲೇ ಇರಲಿಲ್ಲ. "ಇಲ್ಲಿ ಚಲೋನೇ ಓಡ್ತೈತಲ್ರೀ ಮೇಡಂ" ಎಂದು ಚನ್ನೇಶ್ ಪ್ರತಿ ಸಲವೂ ತಲೆ ಕೆರೆದುಕೊಳ್ಳುತ್ತಿದ್ದ. ಹೀಗೇ ವಾರಗಳು ಹೋದವು, ಹೆಬ್ಬೆರಳಿನ ಬಲವೂ ಹೋಗುತ್ತಿತ್ತು. ಮೊದಲು ಗುಂಡಿಯನ್ನು ಅನಾಯಾಸವಾಗಿ ಒತ್ತುತ್ತಿದ್ದವನು ಈಗ ಒಂದು ಸಲ ಒತ್ತಲು ಮುಖ ಗಂಟಿಕ್ಕಿ ಬೆವರುತ್ತಿದ್ದ.

ಚನ್ನೇಶ್ ಶಿವಮೊಗ್ಗಕ್ಕೆ ಹೋದಾಗ ಅಲ್ಲಿನ ಇಂಟರ್‌ನೆಟ್ ಅಂಗಡಿಯಿಂದ ರಜನಿಯ ಪ್ರಶ್ನೆಯನ್ನು ಲಿನಕ್ಸ್ ಬಲ್ಲವರ ಗುಂಪಿಗೆ ಕಳಿಸಿ ಬಂದ. ಯಾವುದೋ ದೇಶದ ಯಾರೋ ಮಹರಾಯ ಎರಡೇ ಸಾಲಿನಲ್ಲಿ ಉತ್ತರ ಬರೆದಿದ್ದ: ನಿಮ್ಮ ಸ್ಕ್ರಿಪ್ಟು ಸರಿಯಾಗಿದೆ. ಗೋಡೆಯಿಂದ ಬರುವ ಕರೆಂಟನ್ನು ನೋಡಿ.

ಗೋಡೆಯನ್ನು ನೋಡುವುದೆಂದರೇನು? ಆ ಭಾನುವಾರ ಅವಳು ಪರದೆಯತ್ತ ನೋಡಲೇ ಇಲ್ಲ. ನೆಲದ ಮೇಲೆ ಕೂತು ಅಡಾಪ್ಟರಿನ ಹಸಿರು ದೀಪವನ್ನೇ ದಿಟ್ಟಿಸಿದಳು. ದೂರದ ಗದ್ದೆಯಲ್ಲಿ ಒಂದು ಮೋಟರು ಗುರ್ ಎಂದಿತು. ತಲೆಯ ಮೇಲಿನ ಬಲ್ಬು ಕೆಂಡದ ಬಣ್ಣಕ್ಕೆ ಇಳಿಯಿತು, ಹಸಿರು ದೀಪ ಆರಿತು. ಬಲ್ಬು ಚೂರು ಚೇತರಿಸಿಕೊಂಡಾಗ ದೀಪ ಹತ್ತಿತು. ಇನ್ನೊಂದು ಮೋಟರು, ಮತ್ತೆ ಆರಿತು. ಕರೆಂಟು ಹೋಯಿತು, ಮಲಗು, ಕರೆಂಟು ಬಂತು, ಏಳು, ಹೋಯಿತು, ಮಲಗು. ಅವಳೇ ಬರೆದ ಅಪ್ಪಣೆಗಳನ್ನು ಪಾಲಿಸಿ ಪಾಲಿಸಿ ಯಂತ್ರಕ್ಕೆ ತಲೆ ಕೆಟ್ಟು ಸೆಟೆದು ನಿಲ್ಲುತ್ತಿತ್ತು. ಅಯ್ಯೋ ದೇವರೇ, ನಾನು ಬಿಗಿ ಮಾಡಿದಷ್ಟೂ ಅಪ್ಪನ ಬಾಯಿಯನ್ನೇ ಹೊಲಿಯುತ್ತಿದ್ದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಹಗಲು ಹೊತ್ತಿನಲ್ಲಿ ಊರಿಗೆ ಕೊಡುತ್ತಿದ್ದದ್ದು ಮನೆ ದೀಪಕ್ಕೆ ಸಾಕಾಗುವ ಸಿಂಗಲ್ ಫೇಸ್ ಮಾತ್ರ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬೇಕು. ಅದು ಬರುತ್ತಿದ್ದದ್ದು ಯಾವುದೋ ಸರಿರಾತ್ರಿ, ಬಂದರೆ ಬಂತು ಇಲ್ಲವಾದರೆ ಇಲ್ಲ. ರೈತರು ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಕಟ್ಟಿ ಸಿಂಗಲ್ ಫೇಸಿನಲ್ಲೇ ಮೋಟರು ಓಡಿಸುತ್ತಿದ್ದರು. ಮೋಟರು ಓಡುತ್ತಿತ್ತು, ಊರಿನ ವೋಲ್ಟೇಜು ನೆಲ ಕಚ್ಚುತ್ತಿತ್ತು. ರಜನಿ ಗದ್ದೆಗೇ ಹೋಗಿ, ಮನೆ ಹಿಂದಿನ ಜಮೀನಿನ ಆನಂದಪ್ಪನನ್ನು ಹಿಡಿದಳು.

"ಆನಂದಪ್ಪಣ್ಣ, ಈ ಕಂಡೆನ್ಸರ್ ಹಾಳು ಬುದ್ಧಿ ಯಾರು ಕಲಿಸಿದ್ದು ನಿಮಗೆಲ್ಲ?"

ಆನಂದಪ್ಪ ಮುಖ ತಗ್ಗಿಸಿದ. "ನಿಮ್ಮಪ್ಪನೇ ತಂಗಿ. ಆ ವರ್ಷ ಗದ್ದೆ ಬಿರುಕು ಬಿಟ್ಟಿತ್ತು, ನಾವೆಲ್ಲ ಸಣ್ಣಪ್ಪಣ್ಣನ ಕಾಲು ಹಿಡ್ಕಂಡ್ವಿ. ಯಾರಿಗೂ ಹೇಳಬ್ಯಾಡ್ರಿ ನನ್ನ ನೌಕರಿ ಹೋಗ್ತದೆ ಅಂತ ಒಬ್ಬೊಬ್ಬರದೇ ಕಟ್ಟಿಕೊಟ್ಟ."

ರಜನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬದುವಿನ ಮೇಲೆ ಕೂತು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಇನ್ನು ಉಪಾಯ? ಹುಡುಕದ ಉಪಾಯವಿಲ್ಲ. ಕರೆಂಟು ಹೋಗಿ ಬಂದು ಮಾಡುವುದನ್ನು ಲೆಕ್ಕಿಸಬೇಡ ಎಂದು ಸ್ಕ್ರಿಪ್ಟು ತಿದ್ದಿದಳು. ಆಗ ಯಂತ್ರ ಮಲಗಲಿಲ್ಲ, ಆದರೆ ಅಡಾಪ್ಟರಿನಿಂದ ಏನೂ ಬಾರದೆ ಬ್ಯಾಟರಿಯೇ ಬರಿದಾಗಿ, ಎರಡು ಅಕ್ಷರಕ್ಕೆ ಸತ್ತಿತು. ಉಳಿತಾಯ ಮಾಡಿದರೆ ನಿದ್ದೆ, ಮಾಡದಿದ್ದರೆ ಸಾವು. ಸ್ಕ್ರಿಪ್ಟನ್ನು ಮತ್ತೆ ಮೊದಲಿನಂತೆಯೇ ಇಟ್ಟಳು. ಸ್ಟೆಬಿಲೈಸರ್ ತಂದಿಟ್ಟಳು. ಅಷ್ಟು ಕೆಳಗಿನ ವೋಲ್ಟೇಜಿಗೆ ಅದು ಟಕ್ ಟಕ್ ಎಂದು ಬಡಿದುಕೊಂಡು ತಾನೇ ನಿಂತುಹೋಯಿತು. ಇನ್ವರ್ಟರ್ ತರೋಣವೆಂದರೆ ಅದರ ಹೊಟ್ಟೆ ತುಂಬಿಸುವುದಕ್ಕೂ ಇದೇ ಕರೆಂಟು ಬೇಕು. ಅಪ್ಪನನ್ನು ಶಿಕಾರಿಪುರಕ್ಕೇ ಕರೆದೊಯ್ದರೆ ಎಂದು ಯೋಚಿಸಿದಳು. ಮಂಚದಿಂದ ಎತ್ತಿ ಒರಗಿಸಿ ಕೂರಿಸಿದರೇ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಬಸ್ಸು ವ್ಯಾನುಗಳ ಮಾತೆಲ್ಲಿ ಬಂತು. ಕೊನೆಗೆ ಉಳಿದದ್ದು ಒಂದೇ ದಾರಿ. ಒಂದು ಬೆಳಿಗ್ಗೆ ಊರಿನ ಮೋಟರುಗಳೆಲ್ಲ ಬಾಯಿ ಮುಚ್ಚಬೇಕು.

ಭತ್ತ ಆಗಲೇ ಹೊಡೆಗೆ ಬಂದಿತ್ತು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು. ಅದು ಗೊತ್ತಿದ್ದೇ ರಜನಿ ಮನೆ ಮನೆಗೆ ಹೋಗಿ ಕೈ ಮುಗಿದಳು. ಹಠಮಾರಿ ಮೇಡಂ ಯಾರೆದುರಾದರೂ ಕೈ ಮುಗಿದದ್ದನ್ನು ಕುಬಟೂರು ಅದೇ ಮೊದಲು ನೋಡಿದ್ದು. "ಸಣ್ಣಪ್ಪಣ್ಣಂಗೆ ಅಂದ್ರೆ ಒಂದಿನ ಅಲ್ಲ, ಒಂದು ಬೆಳೆನೇ ಹೋಗ್ಲಿ ತಗಳವ್ವ" ಎಂದ ಆನಂದಪ್ಪ. ಇಲ್ಲ ಎಂದವರು ಒಬ್ಬರೂ ಇರಲಿಲ್ಲ.

ಆ ಭಾನುವಾರ ಊರು ಎಂದೂ ಇಲ್ಲದಷ್ಟು ಸ್ತಬ್ಧವಾಗಿತ್ತು. ಬಲ್ಬು ಬೆಳ್ಳಗೆ ಉರಿಯಿತು. ಹಸಿರು ದೀಪ ಅಲುಗದೆ ನಿಂತಿತು. ಮಾಲತೇಶ ಸೊರಬದಿಂದ ಬಂದಿದ್ದ. ಆನಂದಪ್ಪ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ರಜನಿ ಅಪ್ಪನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಕಿವಿಯ ಹತ್ತಿರ ಬಾಗಿ ಕೇಳಿದಳು.

"ಅಪ್ಪ, ಇವತ್ತು ಇದು ಮಲಗಲ್ಲ. ಅವಸರ ಇಲ್ಲ. ಆಸ್ಪತ್ರೆಗೆ ಹೋಗ್ತೀಯೋ, ಮನೇಲೇ ಇರ್ತೀಯೋ? ನೀ ಹೇಳಿದ್ದೇ ಆಗ್ತದೆ. ಅಣ್ಣನೂ ಒಪ್ಪಿದಾನೆ, ಅಮ್ಮನೂ ಒಪ್ಪಿದಾಳೆ."

ಸಣ್ಣಪ್ಪನ ಕಣ್ಣು ಪರದೆಯ ಮೇಲಿರಲಿಲ್ಲ, ಕಿಟಕಿಯ ಕಡೆ ಇತ್ತು. ಏನನ್ನೋ ಆಲಿಸುವವನ ಹಾಗಿದ್ದ. ಆಮೇಲೆ ಕಣ್ಣು ಮೆಲ್ಲಗೆ ಚೌಕಕ್ಕೆ ಬಂತು. ಹೆಬ್ಬೆರಳು ಗುಂಡಿಯನ್ನು ಒತ್ತಿತು. 'ಮೋ' ಮೂಡಿತು.

"ಮೋ?" ಎಂದು ಮಾಲತೇಶ ಮುಂದಕ್ಕೆ ಬಾಗಿದ. ಸುಮ್ನಿರೋ ಎಂದು ಹುಲಿಯಮ್ಮ ಗದರಿದಳು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಎಲೆಅಡಿಕೆ ಮೆದ್ದು ಮುಗಿಸುವಷ್ಟು ಹೊತ್ತು. ಯಾರೂ ಜಾಗ ಬಿಟ್ಟು ಏಳಲಿಲ್ಲ. ಸಣ್ಣಪ್ಪನ ಹಣೆಯ ಬೆವರನ್ನು ರಜನಿ ಒರೆಸುತ್ತಿದ್ದಳು. ಯಂತ್ರ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಪರದೆಯ ಮೇಲೆ ಮಾತು ಪೂರ್ತಿಯಾಗಿ ನಿಂತ ಮೇಲೆ ಎಲ್ಲರೂ ಅದನ್ನು ಓದಿಕೊಂಡರು.

ಮೋಟರು ಯಾಕೆ ನಿಲ್ಸಿದಾರೆ. ಭತ್ತ ಒಣಗ್ತದೆ. ಹಾಕಕ್ಕೆ ಹೇಳು.

ಮಾಲತೇಶ ಹಾ ಎಂದು ಜೋರಾಗಿ ನಕ್ಕ, ನಕ್ಕವನು ಗೋಡೆಗೆ ಮುಖ ಮಾಡಿ ಅತ್ತ. ರಜನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ನೆತ್ತಿಗೇರುವಂಥ ಸಿಟ್ಟು.

"ಅಪ್ಪಾ! ನಿನ್ನ ಕೇಳಿದ್ದು ಅದಾ? ಊರವರ ಕಾಲು ಹಿಡಿದು ನಿಲ್ಸಿದೀನಿ, ನಿನ್ನ ಮಾತು ಹೇಳು ಅಂದ್ರೆ ಭತ್ತದ ಮಾತು ಹೇಳ್ತಿಯಲ್ಲ! ನಿಂಗೆ ಎಂತ ಬೇಕು ಅಂತ ಹೇಳಪ್ಪ. ಒಂದೇ ಒಂದು ಮಾತು. ನಿಂಗೆ ಕೈ ಮುಗೀತೀನಿ."

ಹೆಬ್ಬೆರಳು ಮತ್ತೆ ಏಳಲಿಲ್ಲ. ಇದ್ದಷ್ಟು ಬಲವನ್ನು ಅದು ಭತ್ತಕ್ಕೆ ಖರ್ಚು ಮಾಡಿಬಿಟ್ಟಿತ್ತು. ಚೌಕ ಖಾಲಿಯಾಗಿ ಸಾಲಿನಿಂದ ಸಾಲಿಗೆ ಇಳಿದು, ಮೇಲೆ ಹೋಗಿ, ಮತ್ತೆ ಇಳಿಯುತ್ತಿತ್ತು. ಸಣ್ಣಪ್ಪ ಮಗಳನ್ನು ನೋಡಿದ. ಆ ನೋಟದಲ್ಲಿ ಏನಿತ್ತು ಎಂದು ಹೇಳಲು ನಾನು ಯಾರು, ಅವಳಿಗೇ ತಿಳಿಯಲಿಲ್ಲ.

ಆನಂದಪ್ಪ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಾ ಹಾಕಲ್ಲ ತಂಗಿ. ಸಂಜೆವರೆಗೂ ಹಾಕಲ್ಲ. ಇನ್ನೊಂದ್ಸಲ ಕೇಳಿ ನೋಡು" ಎಂದ.

ಹುಲಿಯಮ್ಮ ಎದ್ದಳು. ಗಂಡನ ಕೈಯಡಿಯಿಂದ ಗುಂಡಿಯನ್ನು ಮೆಲ್ಲಗೆ ತೆಗೆದಳು. "ಹೋಗಿ ಹಾಕಪ್ಪ ಆನಂದಪ್ಪ. ಅವರು ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಮಾತು. ಅದನ್ನೂ ನಡೆಸದೇ ಇದ್ರೆ ಹೆಂಗೆ?"

ಮೋಟರುಗಳು ಒಂದೊಂದಾಗಿ ಗುರ್ ಎಂದವು. ಬಲ್ಬು ಕೆಂಪಗಾಯಿತು. ಹಸಿರು ದೀಪ ಆರಿತು. ರಜನಿ ಬರೆದಿಟ್ಟ ಅಪ್ಪಣೆಯಂತೆ ಪರದೆ ತಗ್ಗಿತು, ಡಿಸ್ಕು ನಿಂತಿತು, ಅಪ್ಪನ ಮಾತು ಕಪ್ಪಾಯಿತು.

ಅದಾದ ವಾರದಲ್ಲೇ ಗಂಜಿ ಶ್ವಾಸಕೋಶಕ್ಕೆ ಇಳಿದು ಸಣ್ಣಪ್ಪನಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ. ಮುಖ ನೀಲಿಗಟ್ಟುವುದನ್ನು ನೋಡುತ್ತ ಕೂರಲಾಗದೆ ಮಾಲತೇಶ ವ್ಯಾನು ತಂದು ನಿಲ್ಲಿಸಿದ. ಹುಲಿಯಮ್ಮ ಬೇಡ ಎನ್ನಲಿಲ್ಲ, ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಶಿವಮೊಗ್ಗದಲ್ಲಿ ಮೂಗಿಗೆ ನಳಿಗೆ ಹಾಕಿದರು, ಕೈಗೆ ಸೂಜಿ ಚುಚ್ಚಿದರು, ಎರಡು ಕೈಗಳನ್ನೂ ಮಂಚದ ಸರಳಿಗೆ ಬಟ್ಟೆಯಲ್ಲಿ ಕಟ್ಟಿದರು. ಅಲುಗಾಡದ ಕೈಗಳನ್ನು ಕಟ್ಟುವುದು ಯಾತಕ್ಕೆ ಎಂದು ರಜನಿ ಕೇಳಿದ್ದಕ್ಕೆ, ಎಲ್ಲರಿಗೂ ಕಟ್ತೀವಿ ಕಣಮ್ಮ ಎಂದಳು ನರ್ಸು. ಸಣ್ಣಪ್ಪ ಅಲ್ಲಿಂದ ಮನೆಗೆ ಹೋದದ್ದು ಹೆಣವಾಗಿಯೇ.

ಅದಕ್ಕೆ ಮೊದಲು, ಇನ್ನೂ ಉಸಿರಿದ್ದಾಗ, ರಜನಿ ಲ್ಯಾಪ್‌ಟಾಪನ್ನು ಅಲ್ಲಿಗೂ ತಂದಳು. ಬಲಗೈಯ ಕಟ್ಟು ಬಿಚ್ಚಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಇಟ್ಟು, ಸ್ಟೂಲಿನ ಮೇಲೆ ಕೂತಳು. ಆಸ್ಪತ್ರೆಯ ಜನರೇಟರಿನ ಕರೆಂಟು, ಹಸಿರು ದೀಪ ರೆಪ್ಪೆ ಬಡಿಯದೆ ಉರಿಯುತ್ತಿತ್ತು. ಅವಳ ಸ್ಕ್ರಿಪ್ಟಿಗೆ ಮಾಡಲು ಕೆಲಸವೇ ಇರಲಿಲ್ಲ. ಹಳದಿ ಚೌಕ ಅ ಆ ಇ ಈ ಸಾಲನ್ನು ದಾಟಿ ಕ ಖ ಗ ಘ ಸಾಲಿಗೆ ಇಳಿಯಿತು, ಕೊನೆಯ ಸಾಲಿಗೆ ಹೋಗಿ ಮತ್ತೆ ಮೇಲಕ್ಕೆ ಬಂತು. ಹೆಬ್ಬೆರಳು ಇಟ್ಟಲ್ಲೇ ಇತ್ತು. ಅಪ್ಪನ ಕಣ್ಣುಗಳು ಅರ್ಧ ತೆರೆದು ಸೂರು ನೋಡುತ್ತಿದ್ದವು.

ಮಾಲತೇಶ ಔಷಧಿ ಚೀಟಿ ಹಿಡಿದುಕೊಂಡು ಬಂದವನು ಮಂಚದ ಕಾಲಬುಡದಲ್ಲಿ ನಿಂತ.

"ರಜನೀ, ನಾ ತಪ್ಪು ಮಾಡಿದ್ನಾ? ಅಪ್ಪಂಗೆ ಇಲ್ಲಿಗೆ ಬರಾಕೆ ಇಷ್ಟ ಇತ್ತಾ, ಇರ್ಲಿಲ್ವಾ?"

"ನಂಗೊತ್ತಿಲ್ಲ ಅಣ್ಣ."

ಚೌಕ ಇನ್ನೂ ಹಲವು ಸುತ್ತು ಹೋಗಿ ಬಂತು. ಅವನು ನೋಡುವಷ್ಟು ನೋಡಿದ. ಕೊನೆಗೆ ಅವಳ ಭುಜದ ಮೇಲೆ ಕೈಯಿಟ್ಟು, "ಸಾಕು ಬಿಡೇ. ಆರಿಸಿಬಿಡು ಅದನ್ನ" ಎಂದ.

"ಇರ್ಲಿ ಅಣ್ಣ" ಎಂದಳು ರಜನಿ, ಅಪ್ಪನ ಹೆಬ್ಬೆರಳನ್ನು ಗುಂಡಿಯ ಮೇಲೆ ಇನ್ನಷ್ಟು ನೇರ ಮಾಡುತ್ತ. "ಇಲ್ಲಿ ಕರೆಂಟು ಹೋಗಲ್ಲ."